ಓಡುತ್ತಿರುವ ಆ್ಯನಿಮೇಷನ್‌ನ ಗುರಿ, ವೇಗ, ಸ್ವಭಾವ ಬದಲಿಸುವುದು ಹೇಗೆ? ಡಿಕ್ಲರೇಟಿವ್ ಯುಐ ಬರೆಯುವವರಿಗೊಂದು ಮಾರ್ಗದರ್ಶಿ

ಸ್ಲೈಡರ್ ಎಳೆದರೆ ಪರದೆಯ ಮೇಲಿನ ಚಕ್ರ ಜೋರಾಗಿ ತಿರುಗಬೇಕು. ಅದಕ್ಕೆಂದು ಆ್ಯನಿಮೇಷನ್‌ನ ಡ್ಯುರೇಷನ್ ಅನ್ನು ಸ್ಟೇಟ್‌ಗೆ ಕಟ್ಟಿದ್ದೀರಿ. ಸ್ಲೈಡರ್ ಎಳೆಯುತ್ತೀರಿ, ಸ್ಟೇಟ್ ಬದಲಾಗುತ್ತದೆ, ಲಾಗ್‌ನಲ್ಲಿ ಹೊಸ ಸಂಖ್ಯೆಯೂ ಬರುತ್ತದೆ. ಚಕ್ರ ಮಾತ್ರ ಹಳೇ ವೇಗದಲ್ಲೇ ತಿರುಗುತ್ತಿರುತ್ತದೆ. ಏನೋ ಮಾಡಿ ವೇಗ ಬದಲಾಗುವಂತೆ ಮಾಡಿದಿರಿ ಅಂದುಕೊಳ್ಳಿ. ಈಗ ಬದಲಾಗುವ ಕ್ಷಣದಲ್ಲಿ ಚಕ್ರ ಬೇರೊಂದು ಕೋನಕ್ಕೆ ಜಿಗಿಯುತ್ತದೆ. ಎರಡೂ ಬೇಡ, ಅಲ್ವಾ?

ಈ ತೊಂದರೆ ಹೆಚ್ಚುಕಡಿಮೆ ಎಲ್ಲ ಡಿಕ್ಲರೇಟಿವ್ ಯುಐಗಳಲ್ಲೂ ಇದೆ. ನಾನಿಲ್ಲಿ ಮುಖ್ಯವಾಗಿ ಆ್ಯಂಡ್ರಾಯ್ಡ್‌ನ ಯುಐ ಟೂಲ್‌ಕಿಟ್ ಆದ ಜೆಟ್‌ಪ್ಯಾಕ್ ಕಂಪೋಸ್ ಹಿಡಿದು ವಿವರಿಸುತ್ತೇನೆ. ಕೊನೆಯ ಕಡೆ ಫ್ಲಟರ್ (ಗೂಗಲ್‌ನ ಆ್ಯಪ್ ಫ್ರೇಮ್‌ವರ್ಕ್), ಕ್ಯೂಎಂಎಲ್ (ಕ್ಯೂಟಿ ಫ್ರೇಮ್‌ವರ್ಕ್‌ನ ಯುಐ ಭಾಷೆ), ಸಿಎಸ್‌ಎಸ್‌ಗಳಲ್ಲಿ ಏನು ಬೇರೆ ಅಂತ ನೋಡೋಣ. ಕೋಡನ್ನು ಸಾಲುಸಾಲಾಗಿ ಕೊಡುವ ಬದಲು ಅದು ಏನು ಮಾಡಬೇಕು ಅನ್ನುವುದನ್ನು ಮಾತಿನಲ್ಲೇ ಹೇಳುತ್ತೇನೆ. ತಪ್ಪುವುದು ಸಿಂಟ್ಯಾಕ್ಸ್‌ನಲ್ಲಲ್ಲ, ಕ್ರಮದಲ್ಲಿ.

ಮೊದಲು ಕಾರಣ ತಿಳಿಯಿರಿ

ಡಿಕ್ಲರೇಟಿವ್ ಕೋಡ್ ಹೇಳುವುದು ಇಷ್ಟೇ: ಸ್ಟೇಟ್ ಹೀಗಿದ್ದರೆ ಪರದೆ ಹೀಗಿರಲಿ. ಅದರಲ್ಲಿ ಕಾಲದ ಮಾತಿಲ್ಲ. ಆ್ಯನಿಮೇಷನ್‌ಗೆ ಮಾತ್ರ ಕಾಲವೇ ಜೀವಾಳ. ಅದು ಶುರುವಾದ ಹೊತ್ತು, ಶುರುವಾದ ಜಾಗ, ತಲುಪಬೇಕಾದ ಜಾಗ, ಈಗಿನ ವೇಗ, ಇವನ್ನೆಲ್ಲ ನೆನಪಿಟ್ಟುಕೊಂಡು ಫ್ರೇಮ್‌ನಿಂದ ಫ್ರೇಮ್‌ಗೆ ನಡೆಯುತ್ತದೆ. ಹಾಗಾಗಿ ಫ್ರೇಮ್‌ವರ್ಕ್‌ಗಳು ಅದನ್ನು ನಿಮ್ಮ ಯುಐ ಫಂಕ್ಷನ್‌ನ ಹೊರಗೆ ಇಟ್ಟಿರುತ್ತವೆ. ಹೊರಡುವಾಗ ಪ್ಯಾರಾಮೀಟರ್‌ಗಳನ್ನು ಒಮ್ಮೆ ಓದಿಕೊಳ್ಳುವುದೇ ಸಾಮಾನ್ಯ ಪದ್ಧತಿ. ಆಮೇಲೆ ನಿಮ್ಮ ಫಂಕ್ಷನ್ ಎಷ್ಟು ಸಲ ಓಡಿದರೂ ಆ ಓಟಕ್ಕೆ ಸುದ್ದಿ ಮುಟ್ಟುವುದಿಲ್ಲ.

ಕಂಪೋಸ್‌ನ ಅನಿಮೇಟ್‌ಫ್ಲೋಟ್‌ಆ್ಯಸ್‌ಸ್ಟೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಕೊಟ್ಟ ಟಾರ್ಗೆಟ್ ಬದಲಾದರೆ ಕೂಡಲೇ ಹೊಸ ಗುರಿಯ ಕಡೆ ತಿರುಗುತ್ತದೆ. ಆದರೆ ಟಾರ್ಗೆಟ್ ಹಾಗೇ ಇದ್ದು ಸ್ಪೆಕ್ (ಯಾವ ಬಗೆಯಲ್ಲಿ ಚಲಿಸಬೇಕು ಅನ್ನುವ ವಿವರ) ಮಾತ್ರ ಬದಲಾದರೆ? ಹೊಸ ಸ್ಪೆಕ್ ಅನ್ನು ಅದು ಇಟ್ಟುಕೊಂಡಿರುತ್ತದೆ, ಆದರೆ ಬಳಸುವುದು ಮುಂದಿನ ಸಲ ಟಾರ್ಗೆಟ್ ಬದಲಾದಾಗ ಮಾತ್ರ. ಓಡುತ್ತಿರುವ ಓಟ ಹಳೇ ಸ್ಪೆಕ್‌ನಲ್ಲೇ ಮುಗಿಯುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಓಡುತ್ತಿರುವ ಆ್ಯನಿಮೇಷನ್ ಒಳಗೆ ಕೈ ಹಾಕಿ ತಿದ್ದುವ ದಾರಿ ಹುಡುಕಬೇಡಿ. ಹಳೆಯದನ್ನು ಬಿಡಿಸಿ ಹೊಸದನ್ನು ಹೊರಡಿಸಿ. ಹೊರಡಿಸುವಾಗ ಎರಡು ಸಂಖ್ಯೆಗಳನ್ನು ತಪ್ಪದೇ ದಾಟಿಸಿ: ಈಗಿನ ಜಾಗ ಮತ್ತು ಈಗಿನ ವೇಗ. ಜಾಗ ದಾಟಿಸದಿದ್ದರೆ ಜಿಗಿತ. ವೇಗ ದಾಟಿಸದಿದ್ದರೆ ಜರ್ಕ್. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ಬಗೆ.

ಹೆಜ್ಜೆ 1: ಬದಲಾಗುತ್ತಿರುವುದು ಯಾವುದು?

ಗುರಿ ಬದಲಾಗುತ್ತಿದೆಯೇ? ಗುರಿ ಅದೇ ಇದ್ದು ಡ್ಯುರೇಷನ್ ಅಥವಾ ಸ್ಪ್ರಿಂಗ್‌ನ ಬಿಗಿತ ಬದಲಾಗುತ್ತಿದೆಯೇ? ಅಥವಾ ಕೊನೆಯೇ ಇಲ್ಲದೆ ಸುತ್ತುತ್ತಿರುವ ಆ್ಯನಿಮೇಷನ್‌ನ ವೇಗ ಬದಲಾಗುತ್ತಿದೆಯೇ? ಮೂರಕ್ಕೂ ಮದ್ದು ಬೇರೆ. ಒಂದಕ್ಕೆ ಬೇಕಾದ್ದನ್ನು ಇನ್ನೊಂದಕ್ಕೆ ಹಾಕಿದರೆ ಸುಮ್ನೆ ಕೋಡ್ ಬೆಳೆಯುತ್ತದೆ.

ಹೆಜ್ಜೆ 2: ಗುರಿ ಮಾತ್ರ ಬದಲಾದರೆ ಸ್ಪ್ರಿಂಗ್ ಬಳಸಿ

ಇದು ಸುಲಭದ ಕೇಸ್. ಅನಿಮೇಟ್‌ಫ್ಲೋಟ್‌ಆ್ಯಸ್‌ಸ್ಟೇಟ್ ಸಾಕು, ಸ್ಪೆಕ್ ಸ್ಪ್ರಿಂಗ್ ಆಗಿರಲಿ. ಸ್ಪ್ರಿಂಗ್ ಅಂದರೆ ಗುರಿಗೆ ಕಟ್ಟಿದ ಸ್ಪ್ರಿಂಗ್ ಎಳೆದಂತೆ ವಸ್ತುವನ್ನು ಚಲಿಸುವ ಸ್ಪೆಕ್. ಡೀಫಾಲ್ಟ್ ಕೂಡ ಸ್ಪ್ರಿಂಗೇ. ಡ್ಯಾಂಪಿಂಗ್ (ತೂಗಾಟ ತಗ್ಗಿಸುವ ಪ್ರಮಾಣ) 1, ಬಿಗಿತ ಅಂದರೆ ಸ್ಟಿಫ್‌ನೆಸ್ 1500. ಮಧ್ಯದಲ್ಲಿ ಟಾರ್ಗೆಟ್ ಬದಲಾದರೆ ಸ್ಪ್ರಿಂಗ್ ಈಗಿನ ಜಾಗದಿಂದ, ಈಗಿನ ವೇಗದಿಂದಲೇ ಮುಂದುವರಿಯುತ್ತದೆ.

ಟ್ವೀನ್, ಅಂದರೆ ನಿಗದಿತ ಸಮಯದಲ್ಲಿ ಗುರಿ ತಲುಪುವ ಸ್ಪೆಕ್, ಹಾಗಲ್ಲ. ಅದು ಜಾಗವನ್ನು ಉಳಿಸಿಕೊಳ್ಳುತ್ತದೆ, ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪೋಸ್‌ನ ಟ್ವೀನ್ ಡೀಫಾಲ್ಟಾಗಿ 300 ಮಿಲಿಸೆಕೆಂಡ್, ಫಾಸ್ಟ್‌ಔಟ್‌ಸ್ಲೋಇನ್ ಈಸಿಂಗ್. ಈಸಿಂಗ್ ಅಂದರೆ ಓಟದುದ್ದಕ್ಕೂ ವೇಗ ಏರಿಳಿಯುವ ಬಗೆ. ಈ ಈಸಿಂಗ್ ಶೂನ್ಯ ವೇಗದಿಂದ ಶುರುವಾಗುತ್ತದೆ. ಜೋರಾಗಿ ಹೋಗುತ್ತಿದ್ದ ಕಾರ್ಡ್‌ಗೆ ಮಧ್ಯದಲ್ಲಿ ಹೊಸ ಗುರಿ ಕೊಟ್ಟರೆ ಅದು ಗಕ್ಕನೆ ನಿಂತು ಮತ್ತೆ ಹೊರಡುತ್ತದೆ.

ಬೆರಳಿನ ಜೊತೆ ಓಡಬೇಕಾದ ವಸ್ತುವಿನಲ್ಲಿ ಇದು ಇನ್ನೂ ಕೆಡುತ್ತದೆ. ಬೆರಳು ಎಳೆಯುತ್ತಿರುವಾಗ ಟಾರ್ಗೆಟ್ ಹೆಚ್ಚುಕಡಿಮೆ ಪ್ರತಿ ಫ್ರೇಮ್‌ಗೂ ಬದಲಾಗುತ್ತದೆ. ಟ್ವೀನ್ ಪ್ರತಿ ಫ್ರೇಮ್‌ಗೂ ಮೊದಲಿನಿಂದ ಶುರು. ಅಂದರೆ ಅದು ಯಾವಾಗಲೂ ಈಸಿಂಗ್‌ನ ನಿಧಾನದ ಮೊದಲ ತುದಿಯಲ್ಲೇ ಸಿಕ್ಕಿಬೀಳುತ್ತದೆ. ವಸ್ತು ಅಲ್ಲಾಡುವುದೇ ಇಲ್ಲವೇನೋ ಅನ್ನಿಸುತ್ತದೆ. ಬೆರಳು ನಿಂತ ಮೇಲಷ್ಟೇ ಓಡಿ ಬಂದು ಸೇರುತ್ತದೆ. ಇಂಥದ್ದು ಕಂಡರೆ ಡ್ಯುರೇಷನ್ ಕಡಿಮೆ ಮಾಡುತ್ತಾ ಕೂರಬೇಡಿ. ಸ್ಪೆಕ್ ಬದಲಿಸಿ. ಬಳಕೆದಾರರ ಕೈ ಮುಟ್ಟುವ ಎಲ್ಲದಕ್ಕೂ ಸ್ಪ್ರಿಂಗ್, ತಾನಾಗಿ ಬಂದು ಹೋಗುವುದಕ್ಕೆ ಬೇಕಿದ್ದರೆ ಟ್ವೀನ್. ಇದು ನಾನು ಬಿಡದೆ ಪಾಲಿಸುವ ನಿಯಮ.

ಹೆಜ್ಜೆ 3: ಗುರಿ ಅದೇ, ಸ್ವಭಾವ ಬೇರೆ

ಒಂದು ಪ್ಯಾನೆಲ್ ನಿಧಾನವಾಗಿ ತೆರೆದುಕೊಳ್ಳುತ್ತಿದೆ. ಬಳಕೆದಾರರು ಇನ್ನೊಮ್ಮೆ ತಟ್ಟಿದರು. ಈಗ ಅದು ಅದೇ ಗುರಿಗೆ ಬೇಗ ತಲುಪಬೇಕು. ಅನಿಮೇಟ್‌ಫ್ಲೋಟ್‌ಆ್ಯಸ್‌ಸ್ಟೇಟ್‌ನಿಂದ ಇದು ಆಗದು, ಕಾರಣ ಮೇಲೆ ಹೇಳಿದ್ದೇ. ಇಲ್ಲಿ ಅನಿಮೇಟಬಲ್ ಬೇಕು.

ಅನಿಮೇಟಬಲ್ ಅಂದರೆ ಈಗಿನ ಮೌಲ್ಯ, ಈಗಿನ ವೇಗ ಎರಡನ್ನೂ ತನ್ನಲ್ಲೇ ಇಟ್ಟುಕೊಂಡಿರುವ ವಸ್ತು. ಅದನ್ನು ರಿಮೆಂಬರ್ (ಯುಐ ಫಂಕ್ಷನ್ ಮತ್ತೆ ಓಡಿದರೂ ವಸ್ತುವನ್ನು ಉಳಿಸಿಕೊಳ್ಳುವ ಫಂಕ್ಷನ್) ಒಳಗೆ ಹುಟ್ಟುಹಾಕಿ. ಬದಲಾವಣೆ ಬೇಕಾದಾಗ ಅದೇ ಟಾರ್ಗೆಟ್, ಹೊಸ ಸ್ಪ್ರಿಂಗ್ ಕೊಟ್ಟು ಅನಿಮೇಟ್‌ಟು ಕರೆಯಿರಿ. ಹಳೇ ಓಟವನ್ನು ಅದೇ ರದ್ದು ಮಾಡಿ ಹೊಸದನ್ನು ಹೊರಡಿಸುತ್ತದೆ. ಶುರುವಿನ ವೇಗ ಏನು ಅಂತ ನೀವು ಹೇಳದಿದ್ದರೆ ಆ ಕ್ಷಣದ ವೇಗವನ್ನೇ ತೆಗೆದುಕೊಳ್ಳುತ್ತದೆ. ಸ್ಟಿಫ್‌ನೆಸ್‌ಗೆ ಸಿದ್ಧ ಮೌಲ್ಯಗಳಿವೆ: ವೆರಿಲೋ 50, ಲೋ 200, ಮೀಡಿಯಂಲೋ 400, ಮೀಡಿಯಂ 1500, ಹೈ 10000. 200ರಿಂದ 1500ಕ್ಕೆ ಹೋದರೆ ಪ್ಯಾನೆಲ್ ಚುರುಕಾಗುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೂ ಎಲ್ಲೂ ಮುರಿದಂತೆ ಇರುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ. ಸ್ವಲ್ಪ ನಿಧಾನವಾಗಿ ಓದಿ.

ಜಾಸ್ತಿ ಜನ ಬರೆಯುವುದು ಹೀಗೆ: ಕೊಟ್ಟ ಕೀ ಬದಲಾದಾಗಲೆಲ್ಲ ತನ್ನೊಳಗಿನ ಕೆಲಸವನ್ನು ಮತ್ತೆ ಶುರು ಮಾಡುವ ಲಾಂಚ್ಡ್‌ಎಫೆಕ್ಟ್‌ಗೆ ಟಾರ್ಗೆಟ್ ಮತ್ತು ಸ್ಪೆಕ್ ಅನ್ನು ಕೀ ಆಗಿ ಕೊಟ್ಟು, ಅದರೊಳಗೆ ಅನಿಮೇಟ್‌ಟು ಕರೆಯುವುದು. ಕೆಲಸ ಮಾಡುತ್ತದೆ, ನೋಡಲು ಚೊಕ್ಕವೂ ಹೌದು. ಆದರೆ ಕೀ ಬದಲಾದಾಗ ಮೊದಲು ಆಗುವುದು ಹಳೇ ಕೊರೂಟಿನ್ (ನಡುವೆ ನಿಂತು ಮುಂದುವರಿಯಬಲ್ಲ ಕೆಲಸ) ರದ್ದು. ಅನಿಮೇಟಬಲ್‌ನ ಓಟ ರದ್ದಾದಾಗ ಅದು ತನ್ನ ವೇಗವನ್ನು ಸೊನ್ನೆ ಮಾಡಿಕೊಳ್ಳುತ್ತದೆ. ಆಮೇಲೆ ಹೊಸ ಕೊರೂಟಿನ್ ಶುರುವಾಗಿ ಈಗಿನ ವೇಗ ಕೇಳಿದರೆ ಸಿಗುವುದು ಸೊನ್ನೆ. ಜಾಗ ಉಳಿಯಿತು, ವೇಗ ಕಳೆದುಹೋಯಿತು. ಫ್ಲೋ (ಒಂದಾದ ಮೇಲೊಂದು ಬರುವ ಮೌಲ್ಯಗಳ ಹರಿವು) ಓದಲು ಕಲೆಕ್ಟ್‌ಲೇಟೆಸ್ಟ್ ಬಳಸಿದರೂ ಇದೇ ಕಥೆ. ಅದು ಹಳೆಯದನ್ನು ರದ್ದು ಮಾಡಿ, ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಹೊಸದಕ್ಕೆ ಕೈ ಹಾಕುತ್ತದೆ.

ಸರಿಯಾದ ಕ್ರಮ ತಿರುವುಮುರುವು. ಹಳೇ ಓಟ ಇನ್ನೂ ಓಡುತ್ತಿರುವಾಗಲೇ ಹೊಸ ಅನಿಮೇಟ್‌ಟು ಕರೆಯಬೇಕು. ಆಗ ವೇಗ ಮೊದಲು ಓದಲಾಗುತ್ತದೆ, ರದ್ದು ಆಮೇಲೆ. ಇದಕ್ಕೆ ಎರಡು ದಾರಿ. ತಟ್ಟುವಿಕೆಯಂಥ ಘಟನೆಯಿಂದ ಬರುವ ಬದಲಾವಣೆಯಾದರೆ ರಿಮೆಂಬರ್‌ಕೊರೂಟಿನ್‌ಸ್ಕೋಪ್ ತೆಗೆದುಕೊಂಡು ಅದರಲ್ಲಿ ಲಾಂಚ್ ಮಾಡಿ. ಸ್ಟೇಟ್‌ನಿಂದ ಬರುವ ಬದಲಾವಣೆಯಾದರೆ ಹೀಗೆ ಮಾಡಿ:

ಟಾರ್ಗೆಟ್ ಮತ್ತು ಸ್ಪೆಕ್ ಎರಡನ್ನೂ, ಯಾವಾಗಲೂ ಹೊಸ ಮೌಲ್ಯವನ್ನೇ ತೋರಿಸುವ ರಿಮೆಂಬರ್‌ಅಪ್‌ಡೇಟೆಡ್‌ಸ್ಟೇಟ್‌ನಲ್ಲಿ ಹಿಡಿದಿಡಿ. ಎಂದೂ ಬದಲಾಗದ ಕೀ ಇರುವ ಒಂದು ಲಾಂಚ್ಡ್‌ಎಫೆಕ್ಟ್ ಬರೆಯಿರಿ. ಅದರೊಳಗೆ ಸ್ನ್ಯಾಪ್‌ಶಾಟ್‌ಫ್ಲೋ ಇಟ್ಟು, ಟಾರ್ಗೆಟ್ ಮತ್ತು ಸ್ಪೆಕ್‌ನ ಜೋಡಿಯನ್ನು ಓದಿಸಿ. ಮಾಮೂಲಿ ಕಲೆಕ್ಟ್ ಬಳಸಿ, ಬಂದ ಪ್ರತಿ ಜೋಡಿಗೂ ಒಳಗೊಂದು ಲಾಂಚ್ ಮಾಡಿ ಅದರಲ್ಲಿ ಅನಿಮೇಟ್‌ಟು ಕರೆಯಿರಿ. ಒಳಗಿನ ಆ ಲಾಂಚ್ ಇಲ್ಲದಿದ್ದರೆ ಕಲೆಕ್ಟ್ ಒಂದು ಓಟ ಮುಗಿಯುವವರೆಗೆ ಕಾಯುತ್ತಾ ಕೂರುತ್ತದೆ. ಸ್ಪ್ರಿಂಗ್ ಮತ್ತು ಟ್ವೀನ್ ಸ್ಪೆಕ್‌ಗಳು ತಮ್ಮ ಸಂಖ್ಯೆಗಳನ್ನು ನೋಡಿ ಸಮಾನವೋ ಅಲ್ಲವೋ ಅಂತ ಹೋಲಿಸಿಕೊಳ್ಳುತ್ತವೆ. ಹಾಗಾಗಿ ಪ್ರತಿ ರೀಕಂಪೊಸಿಷನ್‌ನಲ್ಲೂ, ಅಂದರೆ ಯುಐ ಫಂಕ್ಷನ್ ಮತ್ತೆ ಓಡಿದಾಗಲೆಲ್ಲ, ಹೊಸ ಸ್ಪ್ರಿಂಗ್ ವಸ್ತು ಹುಟ್ಟಿದರೂ ಸಂಖ್ಯೆ ಅದೇ ಇದ್ದರೆ ಫ್ಲೋ ಸುಮ್ಮನಿರುತ್ತದೆ.

ರದ್ದಿನ ಬಗ್ಗೆ ಇನ್ನೊಂದು ಮಾತು. ಹೊಸ ಓಟ ಬಂದಾಗ ಹಳೇ ಅನಿಮೇಟ್‌ಟು ಕ್ಯಾನ್ಸಲೇಶನ್ ಎಕ್ಸೆಪ್ಶನ್ ಎಸೆದು ಹೊರಬೀಳುತ್ತದೆ. ಅದರ ಕೆಳಗಿನ ಸಾಲುಗಳು ಓಡುವುದಿಲ್ಲ. "ಮುಗಿಯಿತು, ಬಟನ್ ಮತ್ತೆ ಆನ್ ಮಾಡು" ಅನ್ನುವ ಸಾಲು ಅಲ್ಲಿದ್ದರೆ ಬಟನ್ ಆಫ್ ಆಗಿಯೇ ಉಳಿಯಬಹುದು. ನೀವೇ ಒಂದು ಫ್ಲ್ಯಾಗ್ ಇಟ್ಟುಕೊಳ್ಳುವ ಬದಲು ಅನಿಮೇಟಬಲ್‌ನ ಇಸ್‌ರನ್ನಿಂಗ್ ನೋಡಿ. ಆ ಎಕ್ಸೆಪ್ಶನ್ ಹಿಡಿದು ನುಂಗಬೇಡಿ.

ಇನ್ನು ವೇಗ ದಾಟಿಸುವುದರಿಂದ ಬರುವ ಒಂದು ಪರಿಣಾಮ. ಡ್ಯಾಂಪಿಂಗ್ 1 ಇದ್ದರೆ ಸ್ಪ್ರಿಂಗ್ ಗುರಿ ದಾಟಿ ಹೋಗುವುದಿಲ್ಲ ಅಂತ ನಂಬಿರುತ್ತೇವೆ. ನಿಂತಲ್ಲಿಂದ ಹೊರಟರೆ ಅದು ನಿಜ. ಗುರಿಯ ಕಡೆಗೇ ಜೋರಾದ ವೇಗ ಹೊತ್ತು ಹೊರಟರೆ ಒಮ್ಮೆ ದಾಟಿ ಹಿಂದಕ್ಕೆ ಬರಬಹುದು. ಸರಿಯುವ ಪ್ಯಾನೆಲ್‌ಗೆ ಅದು ಚೆಂದ. 0ಯಿಂದ 1ರೊಳಗೆ ಇರಲೇಬೇಕಾದ ಪಾರದರ್ಶಕತೆಗೋ ಪ್ರಗತಿ ಪಟ್ಟಿಗೋ ಬೇಡ. ಅಂಥ ಕಡೆ ಅಪ್‌ಡೇಟ್‌ಬೌಂಡ್ಸ್ ಕರೆದು ಎಲ್ಲೆ ಹಾಕಿ. ಎಲ್ಲೆ ಮುಟ್ಟಿದ ಕೂಡಲೇ ಓಟ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 4: ಟ್ವೀನ್ ಬೇಕೇ ಬೇಕು ಅಂದರೆ ಉಳಿದ ಪಾಲಿನ ಲೆಕ್ಕ ಹಾಕಿ

ಕೆಲವು ಕಡೆ ಸಮಯ ನಿಖರವಾಗಿರಬೇಕು. ಆಗ ಟ್ವೀನ್ ಬಿಡಲಾಗದು. ಒಂದು ಪಟ್ಟಿ 0ಯಿಂದ 1ಕ್ಕೆ 2000 ಮಿಲಿಸೆಕೆಂಡ್‌ನಲ್ಲಿ, ಒಂದೇ ವೇಗದಲ್ಲಿ ತುಂಬುತ್ತಿದೆ ಅನ್ನಿ. 0.75ಕ್ಕೆ ಬಂದಾಗ ನಾಲ್ಕು ಪಟ್ಟು ಬೇಗ ಆಗಲಿ ಅಂತ ಡ್ಯುರೇಷನ್ 500 ಮಾಡಿ ಹೊಸ ಟ್ವೀನ್ ಹೊರಡಿಸಿದಿರಿ. ಏನಾಗುತ್ತದೆ? ಏನೂ ಆಗುವುದಿಲ್ಲ! ಮೊದಲು ಸೆಕೆಂಡಿಗೆ 0.5 ಹೋಗುತ್ತಿತ್ತು. ಈಗ ಉಳಿದ 0.25 ಅನ್ನು ಅರ್ಧ ಸೆಕೆಂಡಿನಲ್ಲಿ ಹೋಗುತ್ತದೆ, ಅಂದರೆ ಸೆಕೆಂಡಿಗೆ ಅದೇ 0.5. ಹೊಸ ಟ್ವೀನ್‌ಗೆ ಹಿಂದಿನ ಮುಕ್ಕಾಲು ಪಾಲು ದಾರಿಯ ಸುದ್ದಿಯೇ ಗೊತ್ತಿಲ್ಲ. ತನಗೆ ಕೊಟ್ಟ 500 ಮಿಲಿಸೆಕೆಂಡ್ ಅನ್ನು ಉಳಿದ ಕಾಲು ಪಾಲಿನ ಮೇಲೆ ಹರಡಿತು.

ಕೊಡಬೇಕಾದ್ದು ಉಳಿದ ಪಾಲು ಗುಣಿಸು ಪೂರ್ತಿ ಡ್ಯುರೇಷನ್. 0.25 ಗುಣಿಸು 500, ಅಂದರೆ 125 ಮಿಲಿಸೆಕೆಂಡ್. ಉಳಿದ ಪಾಲು ತಿಳಿಯಲು ಟಾರ್ಗೆಟ್‌ನಿಂದ ಈಗಿನ ಮೌಲ್ಯ ಕಳೆದು, ಪೂರ್ತಿ ದೂರದಿಂದ ಭಾಗಿಸಿ. ಪೂರ್ತಿ ದೂರ ಎಷ್ಟು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು, ಓಟದ ಮಧ್ಯೆ ಅದನ್ನು ಊಹಿಸಲು ಬರುವುದಿಲ್ಲ. ಲೀನಿಯರ್ ಈಸಿಂಗ್‌ಗೆ ಇದು ಸರಿಯಾಗಿ ಕೂರುತ್ತದೆ. ಬೇರೆ ಈಸಿಂಗ್ ಇದ್ದರೆ ಸಮಯದ ಪಾಲು ಮತ್ತು ದೂರದ ಪಾಲು ಒಂದೇ ಅಲ್ಲ, ಆದ್ದರಿಂದ ಲೆಕ್ಕ ಅಂದಾಜಿನದಾಗುತ್ತದೆ. ಮಧ್ಯದಿಂದ ಹೊರಡುವ ಟ್ವೀನ್‌ಗೆ ಫಾಸ್ಟ್‌ಔಟ್‌ಸ್ಲೋಇನ್ ಬದಲು ಲೀನಿಯರ್‌ಔಟ್‌ಸ್ಲೋಇನ್ ಕೊಡಿ. ಅದು ಶುರುವಿನಲ್ಲೇ ವೇಗವಾಗಿರುತ್ತದೆ, ಜರ್ಕ್ ಕಡಿಮೆ.

ಹೆಜ್ಜೆ 5: ಕೊನೆಯಿಲ್ಲದ ಓಟದ ವೇಗ

ಮೊದಲು ಹೇಳಿದ ಚಕ್ರ ಇದೇ ಗುಂಪಿಗೆ ಸೇರಿದ್ದು. ರಿಮೆಂಬರ್‌ಇನ್ಫಿನಿಟ್‌ಟ್ರಾನ್ಸಿಶನ್ ಬಳಸಿ, ಅದರ ಸ್ಪೆಕ್‌ನ ಡ್ಯುರೇಷನ್ ಅನ್ನು ಸ್ಟೇಟ್‌ಗೆ ಕಟ್ಟಿದರೆ ಏನೂ ಬದಲಾಗುವುದಿಲ್ಲ. ಅದು ಗಮನಿಸುವುದು ಶುರುವಿನ ಮೌಲ್ಯ ಮತ್ತು ಟಾರ್ಗೆಟ್ ಬದಲಾವಣೆಯನ್ನು ಮಾತ್ರ. ಅವು ಬದಲಾದರೂ ಓಟ ಮೊದಲಿನಿಂದ ಶುರುವಾಗುತ್ತದೆ, ಮುಂದುವರಿಯುವುದಿಲ್ಲ. ಇಡೀ ತುಣುಕನ್ನು ಕಂಪೋಸ್‌ನ ಕೀ ಫಂಕ್ಷನ್ ಒಳಗೆ ಸುತ್ತಿ ಡ್ಯುರೇಷನ್ ಅನ್ನೇ ಕೀ ಮಾಡಿದರೆ ಹೊಸ ವೇಗ ಬರುತ್ತದೆ, ಆದರೆ ಚಕ್ರ ಸೊನ್ನೆ ಕೋನಕ್ಕೆ ಜಿಗಿಯುತ್ತದೆ. ಮಿನುಗುವ ಸಣ್ಣ ಚುಕ್ಕೆಗೆ ಅಷ್ಟು ಸಾಕು. ಚಕ್ರಕ್ಕೆ ಸಾಲದು.

ಇಲ್ಲಿ ಫ್ರೇಮ್ ಲೂಪನ್ನು ನೀವೇ ಬರೆಯುವುದು ಒಳ್ಳೆಯದು. ಕಷ್ಟವೇನಿಲ್ಲ, ಹತ್ತು ಸಾಲು. ಆದರೆ ಬರೆಯುವ ಬಗೆ ಮುಖ್ಯ.

ಮೊದಲು ತಪ್ಪು ಬಗೆ. ಶುರುವಿನಿಂದ ಕಳೆದ ಸಮಯ ಗುಣಿಸು ವೇಗ, ಅದೇ ಕೋನ. ವೇಗ ಬದಲಾಗದವರೆಗೆ ಇದು ಸರಿ. 10.5 ಸೆಕೆಂಡ್ ಕಳೆದಿದೆ, ವೇಗ ಸೆಕೆಂಡಿಗೆ 1 ಸುತ್ತು. ಚಕ್ರ 10.5 ಸುತ್ತು ಮುಗಿಸಿ ಅರ್ಧ ಸುತ್ತಿನಲ್ಲಿದೆ. ಈಗ ವೇಗ 1.5 ಮಾಡಿ. ಸೂತ್ರ ತಕ್ಷಣ 15.75 ಸುತ್ತು ಅನ್ನುತ್ತದೆ. ಚಕ್ರ ಅರ್ಧದಿಂದ ಮುಕ್ಕಾಲಿಗೆ, ಅಂದರೆ 90 ಡಿಗ್ರಿ ಜಿಗಿಯಿತು. ಹೊಸ ವೇಗವನ್ನು ಕಳೆದುಹೋದ ಕಾಲಕ್ಕೂ ಅನ್ವಯಿಸಿದ್ದೇ ಇದಕ್ಕೆ ಕಾರಣ. ಪರದೆ ತೆರೆದು ಹೊತ್ತು ಕಳೆದಷ್ಟೂ ಸ್ಲೈಡರ್‌ನ ಸಣ್ಣ ಅಲುಗಾಟವೂ ದೊಡ್ಡ ಜಿಗಿತವಾಗುತ್ತದೆ.

ಸರಿಯಾದ ಬಗೆಯಲ್ಲಿ ಕೋನವನ್ನು ಒಂದು ಫ್ಲೋಟ್ ಸ್ಟೇಟ್‌ನಲ್ಲಿ ಇಟ್ಟುಕೊಳ್ಳುತ್ತೀರಿ. ವೇಗವನ್ನು ರಿಮೆಂಬರ್‌ಅಪ್‌ಡೇಟೆಡ್‌ಸ್ಟೇಟ್‌ನಲ್ಲಿ ಹಿಡಿಯುತ್ತೀರಿ. ಬದಲಾಗದ ಕೀ ಇರುವ ಲಾಂಚ್ಡ್‌ಎಫೆಕ್ಟ್ ಒಳಗೆ ಲೂಪ್. ಲೂಪ್‌ನ ಪ್ರತಿ ಸುತ್ತಿನಲ್ಲೂ, ಫ್ರೇಮ್‌ನ ಸಮಯ ಕೊಡುವ ವಿತ್‌ಫ್ರೇಮ್‌ನ್ಯಾನೋಸ್ ಕರೆದು, ಹಿಂದಿನ ಫ್ರೇಮ್‌ನಿಂದ ಎಷ್ಟು ಸಮಯ ಆಯಿತು ಅನ್ನುವುದನ್ನು ಸೆಕೆಂಡಿಗೆ ಇಳಿಸಿ. ಆ ತುಣುಕು ಸಮಯವನ್ನು ಈಗಿನ ವೇಗದಿಂದ ಗುಣಿಸಿ ಕೋನಕ್ಕೆ ಕೂಡಿಸಿ. ಕೋನ 1, ಅಂದರೆ ಒಂದು ಪೂರ್ತಿ ಸುತ್ತು, ದಾಟಿದರೆ ಶೇಷ ಮಾತ್ರ ಉಳಿಸಿಕೊಳ್ಳಿ. ಹೊಸ ವೇಗ ಮುಂದಿನ ಫ್ರೇಮ್‌ನಿಂದ ಮಾತ್ರ ಲೆಕ್ಕಕ್ಕೆ ಬರುತ್ತದೆ, ಹಿಂದಿನದು ಹಾಗೇ ಉಳಿಯುತ್ತದೆ. ವೇಗವೂ ನಯವಾಗಿ ಏರಬೇಕೆಂದರೆ ವೇಗವನ್ನೇ ಅನಿಮೇಟ್‌ಫ್ಲೋಟ್‌ಆ್ಯಸ್‌ಸ್ಟೇಟ್‌ಗೆ ಕೊಟ್ಟು, ಅದರಿಂದ ಬರುವ ಮೌಲ್ಯವನ್ನು ಲೂಪ್‌ನಲ್ಲಿ ಓದಿ. ಭಾರವಾದ ಚಕ್ರ ನಿಜವಾಗಿ ವೇಗ ಪಡೆದಂತೆ ಕಾಣುತ್ತದೆ.

ಲೂಪ್ ನಿಮ್ಮದಾದ ಮೇಲೆ ಹೊಣೆಯೂ ನಿಮ್ಮದು. ಫ್ರೇಮ್ ಸಮಯವನ್ನು 16 ಮಿಲಿಸೆಕೆಂಡ್ ಅಂತ ಸ್ಥಿರವಾಗಿ ಬರೆಯಬೇಡಿ, 120 ಹರ್ಟ್ಸ್ ಪರದೆಯಲ್ಲಿ ಅದು ಸುಮಾರು 8.3. ಆ್ಯಪ್ ಹಿನ್ನೆಲೆಗೆ ಹೋಗಿ ಬಂದರೆ ಎರಡು ಫ್ರೇಮ್‌ಗಳ ನಡುವೆ ನಿಮಿಷಗಳೇ ಕಳೆದಿರಬಹುದು, ಆದ್ದರಿಂದ ತುಣುಕು ಸಮಯಕ್ಕೆ 50 ಮಿಲಿಸೆಕೆಂಡ್‌ನಂಥ ಮಿತಿ ಹಾಕಿ. ಕೋನವನ್ನು ಗ್ರಾಫಿಕ್ಸ್‌ಲೇಯರ್‌ನ ಲ್ಯಾಂಬ್ಡಾ ಒಳಗೆ ಓದಿ, ಇಲ್ಲದಿದ್ದರೆ ಪ್ರತಿ ಫ್ರೇಮ್‌ಗೂ ರೀಕಂಪೊಸಿಷನ್ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಫೋನ್‌ನಲ್ಲಿ ಆ್ಯನಿಮೇಷನ್ ಬೇಡ ಅಂತ ಆಫ್ ಮಾಡಿಕೊಂಡವರು ಇರುತ್ತಾರೆ. ಚಲನೆ ನೋಡಿದರೆ ತಲೆಸುತ್ತು ಬರುವವರಿಗೆ ಅದು ಶೋಕಿಯಲ್ಲ, ಅಗತ್ಯ. ಕಂಪೋಸ್‌ನ ಸಿದ್ಧ ಆ್ಯನಿಮೇಷನ್‌ಗಳು ಆ ಸೆಟ್ಟಿಂಗನ್ನು ತಾವೇ ಪಾಲಿಸುತ್ತವೆ. ನಿಮ್ಮ ಲೂಪ್ ಪಾಲಿಸುವುದಿಲ್ಲ. ಕೊರೂಟಿನ್ ಕಾಂಟೆಕ್ಸ್ಟ್‌ನಿಂದ ಮೋಶನ್‌ಡ್ಯುರೇಷನ್‌ಸ್ಕೇಲ್ ತೆಗೆದು ನೋಡಿ. ಅದು ಸೊನ್ನೆ ಇದ್ದರೆ ಚಕ್ರ ತಿರುಗಿಸಬೇಡಿ. ಬೇರೆ ಸಂಖ್ಯೆ ಇದ್ದರೆ ತುಣುಕು ಸಮಯವನ್ನು ಅದರಿಂದ ಭಾಗಿಸಿ.

ಬೇರೆ ಕಡೆಗಳಲ್ಲಿ

ಫ್ಲಟರ್‌ನ ಆ್ಯನಿಮೇಷನ್‌ಕಂಟ್ರೋಲರ್‌ಗೆ ಮಧ್ಯದಲ್ಲಿ ಹೊಸ ಡ್ಯುರೇಷನ್ ಕೊಟ್ಟರೆ ಓಡುತ್ತಿರುವ ಓಟಕ್ಕೆ ಅದು ತಗುಲುವುದಿಲ್ಲ. ಕೊಟ್ಟ ಮೇಲೆ ಫಾರ್ವರ್ಡ್ ಇನ್ನೊಮ್ಮೆ ಕರೆಯಿರಿ. ಖುಷಿಯ ವಿಷಯ ಅಂದರೆ ಹೆಜ್ಜೆ 4ರ ಉಳಿದ ಪಾಲಿನ ಲೆಕ್ಕವನ್ನು ಅದು ತಾನೇ ಹಾಕಿಕೊಳ್ಳುತ್ತದೆ. ರಿಪೀಟ್ ಮತ್ತೆ ಕರೆದರೂ ಈಗಿನ ಜಾಗದಿಂದಲೇ ಮುಂದುವರಿಯುತ್ತದೆ, ಹಾಗಾಗಿ ಒಂದೇ ದಿಕ್ಕಿಗೆ ತಿರುಗುವ ಚಕ್ರಕ್ಕೆ ಫ್ಲಟರ್‌ನಲ್ಲಿ ಫ್ರೇಮ್ ಲೂಪ್ ಬೇಕಿಲ್ಲ. ಹೋಗಿ ಬರುವ ಓಟದಲ್ಲಿ ಮಾತ್ರ ಎಚ್ಚರ: ಹಿಂದಕ್ಕೆ ಬರುತ್ತಿರುವಾಗ ಕರೆದರೆ ದಿಕ್ಕು ಮುಂದಕ್ಕೆ ತಿರುಗುತ್ತದೆ. ಅನಿಮೇಟೆಡ್‌ಕಂಟೇನರ್‌ನಂಥವುಗಳಲ್ಲಿ ಡ್ಯುರೇಷನ್ ಮಾತ್ರ ಬದಲಿಸಿದರೆ ಮುಂದಿನ ಸಲಕ್ಕಷ್ಟೇ ಅನ್ವಯ, ಗುರಿ ಬದಲಿಸಿದರೆ ಜಾಗ ಉಳಿಯುತ್ತದೆ, ವೇಗ ಉಳಿಯದು. ವೇಗವೂ ಬೇಕೆಂದರೆ ಕಂಟ್ರೋಲರ್‌ನ ವೆಲಾಸಿಟಿ ಓದಿ ಸ್ಪ್ರಿಂಗ್‌ಸಿಮ್ಯುಲೇಶನ್‌ಗೆ ಕೊಟ್ಟು, ಅನಿಮೇಟ್‌ವಿತ್ ಮೂಲಕ ಹೊರಡಿಸಿ.

ಕ್ಯೂಎಂಎಲ್‌ನಲ್ಲಿ ಬಿಹೇವಿಯರ್ ಒಳಗೆ ನಂಬರ್‌ಆ್ಯನಿಮೇಷನ್ ಬದಲು ಸ್ಮೂದ್ಡ್‌ಆ್ಯನಿಮೇಷನ್ ಅಥವಾ ಸ್ಪ್ರಿಂಗ್‌ಆ್ಯನಿಮೇಷನ್ ಹಾಕಿ. ಸ್ಮೂದ್ಡ್‌ಆ್ಯನಿಮೇಷನ್ ಇರುವುದೇ ಇದಕ್ಕೆ: ಗುರಿ ಬದಲಾದಾಗ ವೇಗ ಉಳಿಸಿಕೊಂಡು ಹೊಸ ಹಾದಿಗೆ ಹೊಂದಿಕೊಳ್ಳುತ್ತದೆ. ಅದರ ಡೀಫಾಲ್ಟ್ ವೇಗ ಸೆಕೆಂಡಿಗೆ 200 ಯೂನಿಟ್. ದೊಡ್ಡ ಪರದೆಯಲ್ಲಿ ಅದು ತೀರ ನಿಧಾನ, ಹೆಚ್ಚಿಸಿಕೊಳ್ಳಿ. ಎಕ್ಸ್‌ಅನಿಮೇಟರ್, ಒಪಾಸಿಟಿಅನಿಮೇಟರ್‌ಗಳನ್ನು ಮಧ್ಯದಲ್ಲಿ ಬದಲಾಗುವ ಓಟಕ್ಕೆ ಬಳಸಬೇಡಿ. ಓಟ ನಡೆಯುತ್ತಿರುವಾಗ ಅವು ಪ್ರಾಪರ್ಟಿಯನ್ನು ಅಪ್‌ಡೇಟ್ ಮಾಡುವುದಿಲ್ಲ. ಈಗಿನ ಜಾಗವೇ ಓದಲು ಸಿಗದಿದ್ದರೆ ದಾಟಿಸುವುದು ಏನನ್ನು?

ಸಿಎಸ್‌ಎಸ್‌ನಲ್ಲಿ ಎರಡು ಥರದ ವರ್ತನೆ ಇದೆ. ಟ್ರಾನ್ಸಿಶನ್ ಓಡುತ್ತಿರುವಾಗ ಅದರ ಡ್ಯುರೇಷನ್ ಬದಲಿಸಿದರೆ ಈಗಿನ ಓಟಕ್ಕೆ ಏನೂ ಆಗದು. ಕೀಫ್ರೇಮ್ ಆ್ಯನಿಮೇಷನ್‌ನ ಡ್ಯುರೇಷನ್ ಬದಲಿಸಿದರೆ ಕೂಡಲೇ ಅನ್ವಯವಾಗುತ್ತದೆ, ಮತ್ತು ಹೆಜ್ಜೆ 5ರ ತಪ್ಪು ಸೂತ್ರದಂತೆ ಜಿಗಿಯುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಆ ಎಲಿಮೆಂಟ್‌ನ ಗೆಟ್‌ಅನಿಮೇಶನ್ಸ್ ಕರೆದು, ಸಿಕ್ಕ ವಸ್ತುವಿನ ಮೇಲೆ ಅಪ್‌ಡೇಟ್‌ಪ್ಲೇಬ್ಯಾಕ್‌ರೇಟ್ ಬಳಸಿ. ಅದು ಜಾಗ ಕೆಡಿಸದೆ ವೇಗ ಬದಲಿಸುತ್ತದೆ.

ಹೆಜ್ಜೆ 6: ಕಣ್ಣಿನಿಂದಲೂ ಟೆಸ್ಟ್‌ನಿಂದಲೂ ನೋಡಿ

ಆ್ಯಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಅನಿಮೇಟರ್ ಡ್ಯುರೇಷನ್ ಸ್ಕೇಲ್ ಅನ್ನು 10 ಪಟ್ಟು ಮಾಡಿ. ಆಮೇಲೆ ಓಟದ ಬೇರೆ ಬೇರೆ ಹಂತಗಳಲ್ಲಿ ಗುರಿ ಬದಲಿಸಿ: ಈಗಷ್ಟೇ ಹೊರಟಾಗ, ನಟ್ಟನಡುವೆ, ತಲುಪುವ ಹೊತ್ತಿಗೆ. ಸಾಮಾನ್ಯ ವೇಗದಲ್ಲಿ ಕಣ್ಣು ತಪ್ಪಿಸುವ ಜರ್ಕ್ ಇಲ್ಲಿ ಎದ್ದು ಕಾಣುತ್ತದೆ.

ಟೆಸ್ಟ್‌ನಲ್ಲಿ ಮೇನ್‌ಕ್ಲಾಕ್‌ನ ಆಟೋಅಡ್ವಾನ್ಸ್ ಆಫ್ ಮಾಡಿ, ಸಮಯವನ್ನು ನೀವೇ ಮುಂದಕ್ಕೆ ನಡೆಸಿ. 150 ಮಿಲಿಸೆಕೆಂಡ್ ಹೋಗಿ, ಮೌಲ್ಯ ಬರೆದುಕೊಳ್ಳಿ. ಇನ್ನೊಂದು ಫ್ರೇಮ್ ಹೋಗಿ, ಎಷ್ಟು ಸರಿಯಿತು ಬರೆದುಕೊಳ್ಳಿ. ಈಗ ಪ್ಯಾರಾಮೀಟರ್ ಬದಲಿಸಿ, ಮುಂದಿನ ಎರಡು ಮೂರು ಫ್ರೇಮ್‌ಗಳ ಸರಿದ ದೂರ ನೋಡಿ. ಮೌಲ್ಯ ಹತ್ತಿರದಲ್ಲೇ ಇದ್ದರೆ ಜಾಗ ದಾಟಿದೆ. ಫ್ರೇಮ್‌ಗೆ ಸರಿಯುವ ದೂರ ಒಮ್ಮೆಲೇ ಸೊನ್ನೆಗೆ ಬೀಳದಿದ್ದರೆ ವೇಗವೂ ದಾಟಿದೆ. ಬಿದ್ದರೆ ಹೆಜ್ಜೆ 3ಕ್ಕೆ ಹೋಗಿ, ಹಳೇ ಓಟವನ್ನು ಯಾರು ಮೊದಲೇ ರದ್ದು ಮಾಡುತ್ತಿದ್ದಾರೆ ಅಂತ ಹುಡುಕಿ.